ಹವಳದ ಅಲೆಯ ಮೋಹ, ಮರಳಿನ ಪಾಠ

ಸರ್ಫಿಂಗ್ ಎಂದೊಡನೆ ಕಣ್ಣಿಗೆ ಕಟ್ಟುವುದು ಸುರಂಗದಂತೆ ಸುರುಳಿ ಸುತ್ತುವ ನೀಲಿ ಅಲೆ, ಅದರೊಳಗಿಂದ ನುಸುಳಿ ಬರುವ ಸವಾರ. ಹವಾಯಿಯ ಪೈಪ್‌ಲೈನ್, ತಾಹಿತಿಯ ಟೆಯಾಹುಪೊ ಮುಂತಾದ ರೀಫ್‌ಗಳು ಜಗತ್ತಿಗೆ ಹಂಚಿದ ಚಿತ್ರ ಇದು. ಕರ್ನಾಟಕದಲ್ಲಿ ಈ ಆಟ ಬೇರೂರಿದ್ದು ಮಾತ್ರ ಮೂಲ್ಕಿ, ಸಸಿಹಿತ್ಲು, ಪಣಂಬೂರಿನ ಮರಳಿನ ಮೇಲೆ. 2016ರಲ್ಲಿ ಇಂಡಿಯನ್ ಓಪನ್ ಸ್ಪರ್ಧೆ ನಡೆದದ್ದೂ ಸಸಿಹಿತ್ಲಿನಲ್ಲಿಯೇ. ಹವಳದ ದಿಬ್ಬದ, ಅಂದರೆ ರೀಫ್‌ನ, ಅಲೆಯನ್ನೇ ಅಳತೆಗೋಲಾಗಿ ಹಿಡಿದು ನಮ್ಮ ಕಡಲನ್ನು ಎರಡನೇ ದರ್ಜೆಯದೆಂದು ತಳ್ಳಿಹಾಕುವವರು ಆಟವನ್ನೂ ತಪ್ಪು ತಿಳಿದಿದ್ದಾರೆ, ಕಲಿಕೆಯನ್ನೂ ತಪ್ಪು ತಿಳಿದಿದ್ದಾರೆ. ರೀಫ್ ಪರೀಕ್ಷೆಯ ಜಾಗ, ಪಾಠಶಾಲೆಯಲ್ಲ.

ರೀಫ್‌ನ ಅಲೆ ಅಷ್ಟು ಸುಂದರವಾಗಿರುವ ಕಾರಣವೇ ಅದರ ಅಪಾಯಕ್ಕೂ ಕಾರಣ. ನೀರಿನ ಆಳ ಅಲೆಯ ಎತ್ತರದ ಸುಮಾರು 1.3 ಪಟ್ಟಿಗೆ ಇಳಿದಾಗ ಅಲೆ ಒಡೆಯುತ್ತದೆ. ಇಳಿಜಾರು ಮರಳಿನಲ್ಲಿ ಈ ಇಳಿಕೆ ನಿಧಾನ. ಅಲೆ ಮೊದಲೇ ತಳ ಸೋಕಿ, ಶಕ್ತಿ ಕಳೆದುಕೊಳ್ಳುತ್ತ ಬರುತ್ತದೆ. ಹವಳದ ದಿಬ್ಬವೋ ಆಳದಿಂದ ಗೋಡೆಯಂತೆ ಎದ್ದಿರುತ್ತದೆ. ಸಾಗರದ ಬಲವೆಲ್ಲ ಒಮ್ಮೆಗೇ ಮೇಲೆದ್ದು ಮುಂದಕ್ಕೆ ಬಾಗುವುದರಿಂದ ಸುರಂಗ ಮೂಡುತ್ತದೆ. ತಳ ಕದಲದ ಕಾರಣ ಅಲೆ ಪ್ರತಿಸಲವೂ ಹೆಚ್ಚುಕಡಿಮೆ ಅದೇ ಜಾಗದಲ್ಲಿ ಒಡೆಯುತ್ತದೆ. ನಿಪುಣರಿಗೆ ಈ ಖಚಿತತೆಯೇ ವರ. ಆದರೆ ಇಳಿತದ ಹೊತ್ತಿನಲ್ಲಿ ಅಲೆಯ ಕೆಳಗೆ ಮೊಣಕಾಲುದ್ದ ನೀರಷ್ಟೇ ಉಳಿಯಬಹುದು. ಅಲ್ಲಿ ಬಿದ್ದವನ ಬೆನ್ನಿಗೆ ಸಿಗುವುದು ಚೂಪು ಹವಳ. ಆ ಗಾಯ ಬೇಗ ಕೀವಾಗುತ್ತದೆ. ಕಲಿಯುವವನ ಕೆಲಸವೇ ಬೀಳುವುದು. ಬೀಳಲಾಗದ ಕಡೆ ಅವನು ಏನನ್ನು ಕಲಿತಾನು?

ಮರಳಿನಲ್ಲಿ ಆ ಸ್ವಾತಂತ್ರ್ಯವಿದೆ. ಸೊಂಟಮಟ್ಟದ ನೀರು, ಎಂಟೊಂಬತ್ತು ಅಡಿಯ ಮೆತ್ತನೆಯ ಹಲಗೆ, ಆಗಲೇ ಒಡೆದು ನೊರೆಯಾಗಿ ನುಗ್ಗುವ ಅಲೆ: ಪಕ್ಕೆಲುಬಿನ ಬಳಿ ಅಂಗೈಯೂರಿ, ಒಂದೇ ನೆಗೆತಕ್ಕೆ ಎದ್ದು, ಮುಂಗಾಲನ್ನು ಎರಡು ಕೈಗಳ ನಡುವೆ ತಂದು ನಿಲ್ಲುವುದನ್ನು ನೂರು ಸಲ ತಪ್ಪಿಯೂ ಕಲಿಯಬಹುದು. ಹಾಗೆಂದು ಮರಳು ನಿರಪಾಯಕಾರಿಯಲ್ಲ. ಮರಳ ದಿಣ್ಣೆಗಳ ನಡುವಿನ ತೋಡಿನಲ್ಲಿ ನೀರು ಹೊಳೆಯಂತೆ ಕಡಲಿಗೆ ಹಿಂದಿರುಗುತ್ತದೆ. ಅಬಲೂರು, ಹಿರೇಕೆರೂರಿನಂಥ ಒಳನಾಡಿನ ಕೆರೆಬಾವಿಗಳಲ್ಲಿ ಈಜಿ ಪಳಗಿದವರು ಮೋಸಹೋಗುವುದು ಇಲ್ಲಿಯೇ. ನಿಂತ ನೀರು ಈ ಸೆಳೆತವನ್ನು ಕಲಿಸುವುದಿಲ್ಲ. ಅದರೆದುರು ಈಜಿ ದಣಿಯದೆ, ದಡಕ್ಕೆ ಸಮಾನಾಂತರವಾಗಿ ಈಜಿ ಹೊರಬರಬೇಕು.

ಮರಳಿನಲ್ಲಿ ಕಲಿತವರು ಎತ್ತರಕ್ಕೆ ಏರಲಾರರು ಎಂಬುದು ಗಂಭೀರ ಆಕ್ಷೇಪ. ಪುರಾವೆ ಬೇರೆಯೇ ಹೇಳುತ್ತದೆ. ಹನ್ನೊಂದು ಬಾರಿ ವಿಶ್ವಚಾಂಪಿಯನ್ ಆದ ಕೆಲ್ಲಿ ಸ್ಲೇಟರ್ ಬೆಳೆದದ್ದು ಫ್ಲಾರಿಡಾದ ಕೊಕೊ ಬೀಚ್‌ನ ಸಣ್ಣ, ಸಪ್ಪೆ ಅಲೆಗಳಲ್ಲಿ; ಅದೇ ಸ್ಲೇಟರ್ 2022ರಲ್ಲಿ, ಐವತ್ತರ ಹೊಸ್ತಿಲಲ್ಲಿ, ಪೈಪ್‌ಲೈನ್ ಗೆದ್ದರು. ಸರ್ಫಿಂಗ್ ಒಲಿಂಪಿಕ್ಸ್‌ಗೆ ಮೊದಲ ಬಾರಿ ಕಾಲಿಟ್ಟದ್ದು 2021ರಲ್ಲಿ, ಜಪಾನಿನ ತ್ಸುರಿಗಸಾಕಿಯ ಮರಳ ತೀರದಲ್ಲಿ. ರೀಫ್ ಆದ ಟೆಯಾಹುಪೊದ ಸರದಿ ಬಂದದ್ದು 2024ರಲ್ಲಿ. ಮರಳ ದಿಣ್ಣೆ ಜಾಗ ಬದಲಿಸುತ್ತಲೇ ಇರುವುದರಿಂದ ಸವಾರ ದಿನವೂ ಕಡಲನ್ನು ಹೊಸದಾಗಿ ಓದಬೇಕಾಗುತ್ತದೆ; ಹವಳದ ಖಚಿತತೆ ಈ ಅಭ್ಯಾಸವನ್ನು ಕೊಡದು. ಆದರೂ ಆಕ್ಷೇಪದಲ್ಲಿ ಅರ್ಧ ಸತ್ಯವಿದೆ: ಸುರಂಗದೊಳಗಿನ ಸವಾರಿಯನ್ನು ಮೂಲ್ಕಿಯ ಅಲೆ ಪೂರ್ತಿ ಕಲಿಸಲಾರದು. ಸ್ಪರ್ಧಿಗಳು ಅದಕ್ಕಾಗಿ ಮಾಲ್ಡೀವ್ಸ್‌ನಂಥ ಕಡೆ ಹೋಗಲೇಬೇಕು. ಹೋದವರು ಹವಳವೂ ಒಂದು ಜೀವಿ ಎಂಬುದನ್ನೂ ಮರೆಯಬಾರದು. ನಮ್ಮಲ್ಲಂತೂ ದಿಬ್ಬ ಕಟ್ಟುವ ಹವಳಗಳು ವನ್ಯಜೀವಿ ಕಾಯ್ದೆಯ ರಕ್ಷಣೆಯಲ್ಲಿವೆ.

ಕರಾವಳಿಯ ಸರ್ಫಿಂಗ್‌ನಲ್ಲಿ ನಿಜವಾದ ಕೊರತೆ ಇರುವುದು ಅಲೆಯಲ್ಲಲ್ಲ, ಪ್ರಚಾರದಲ್ಲಿ: ಯಾವ ಕಾಲದ ಅಲೆ ಯಾರದು ಎಂಬುದನ್ನು ಅದು ಹೇಳುವುದಿಲ್ಲ. ಮಳೆಗಾಲ ಮುಗಿದ ಮೇಲಿನ ತಿಂಗಳುಗಳ ಮೆದು ಅಲೆ ಹೊಸಬರದು. ಮೇ ಕೊನೆಯ ಬಿರುಸು ಅಲೆ ಪಳಗಿದವರದು. ಜೂನ್, ಜುಲೈನಲ್ಲಿ ಯಾಂತ್ರಿಕ ಮೀನುಗಾರಿಕೆಯೇ ನಿಲ್ಲುವಾಗ ಹೊಸಬ ನೀರಿಗಿಳಿಯುವುದು ಸಾಹಸವಲ್ಲ, ಅವಿವೇಕ. ಈ ವ್ಯತ್ಯಾಸವನ್ನು ತರಬೇತಿ ಕೇಂದ್ರಗಳು ಫಲಕದ ಮೇಲೆಯೇ ಬರೆಯಲಿ, ಪ್ರವಾಸೋದ್ಯಮ ಎರವಲು ತಂದ ಸುರಂಗದ ಚಿತ್ರಗಳನ್ನು ಕೈಬಿಡಲಿ. ಕಲಿಯಬಯಸುವವರು ಮೊದಲ ಹಲಗೆಯನ್ನು ಮರಳಿನ ಮೇಲೆಯೇ ಇಡಲಿ.