ಒಂದೇ ಡ್ರಮ್ಮಿನ ಲೆಕ್ಕ

ಹಿರಿಯೂರು, ಹೊಸದುರ್ಗದ ದಾಳಿಂಬೆ ತೋಟಗಳಲ್ಲಿ ಔಷಧಿ ಹೊಡೆಯುವ ದಿನ ಡ್ರಮ್ಮಿಗೆ ಒಂದೇ ಬಾಟಲಿ ಬೀಳುವುದು ಅಪರೂಪ. ಥ್ರಿಪ್ಸ್‌ಗೊಂದು, ಕಾಯಿ ಚುಕ್ಕೆಗೊಂದು, ದುಂಡಾಣು ಅಂಗಮಾರಿಗೆ ತಾಮ್ರದ ಪುಡಿ, ಎಲೆಗೆ ಅಂಟಲೆಂದು ಮೇಲಿಷ್ಟು ಗಮ್. ಎಲ್ಲ ಒಂದೇ ಸಲ ಮುಗಿದರೆ ಕೂಲಿಯೂ ಉಳಿಯಿತು, ಡೀಸೆಲ್ಲೂ ಉಳಿಯಿತು. ಬಲ್ಲವರು ಮೊದಲು ಗಾಜಿನ ಲೋಟದಲ್ಲಿ ಚೂರು ಚೂರು ಬೆರೆಸಿ ನೋಡುತ್ತಾರೆ. ಹಾಲಿನಂತೆ ಒಡೆಯದಿದ್ದರೆ, ತಳದಲ್ಲಿ ಗಸಿ ಕೂರದಿದ್ದರೆ ಹೊಂದಿಕೊಂಡಿತು ಎಂದರ್ಥ. ಜಾಣ ಪರೀಕ್ಷೆಯೇ. ಆದರೆ ನಾಜಲ್ ಕಟ್ಟಿಕೊಳ್ಳುತ್ತದೋ ಇಲ್ಲವೋ ಎಂಬಲ್ಲಿಗೆ ಅದರ ಮಾತು ಮುಗಿಯಿತು. ಹೊಡೆಯುವವನ ಮೈಯನ್ನೂ ಹೂವಿಗೆ ಬರುವ ಜೇನನ್ನೂ ಆ ಲೋಟ ಕೇಳುವುದಿಲ್ಲ.

ಅದನ್ನು ಕೇಳುವ ಲೆಕ್ಕ 1926ರಷ್ಟು ಹಿಂದೆಯೇ ಲೋವೆ ಎಂಬ ವಿಜ್ಞಾನಿಯ ಕೈಯಲ್ಲಿ ರೂಪ ಪಡೆದಿತ್ತು. ಪ್ರತಿ ವಿಷ ಎಷ್ಟಿದೆಯೋ ಅದನ್ನು ಅದರದೇ ಹಾನಿಯ ಮಟ್ಟದಿಂದ ಭಾಗಿಸಿ, ಬಂದ ಪಾಲುಗಳನ್ನು ಕೂಡಬೇಕು. ಮೊತ್ತ ಒಂದನ್ನು ಮುಟ್ಟಿತೆಂದರೆ ಹಾನಿ ಶುರು. 2002ರಲ್ಲಿ ಲಂಡನ್ನಿನ ಕಾರ್ಟೆನ್‌ಕ್ಯಾಂಪ್ ತಂಡ ಈಸ್ಟ್ರೊಜೆನ್ ಹಾರ್ಮೋನಿನಂತೆ ವರ್ತಿಸುವ 8 ರಾಸಾಯನಿಕಗಳನ್ನು, ಒಂದೊಂದೂ ಏನೂ ಮಾಡದಷ್ಟು ಕಡಿಮೆ ಪ್ರಮಾಣದಲ್ಲಿ, ಬೆರೆಸಿ ನೋಡಿತು. ಒಟ್ಟಿನ ಪರಿಣಾಮ ಎದ್ದು ಕಂಡಿತು. ಯುರೋಪಿನ ಕುಡಿಯುವ ನೀರಿನ ನಿಯಮ ಒಂದು ಕೀಟನಾಶಕಕ್ಕೆ ಲೀಟರಿಗೆ 0.1 ಮೈಕ್ರೋಗ್ರಾಂ ಮಿತಿ ಇಟ್ಟಿರುವುದಲ್ಲದೆ, ಎಲ್ಲ ಸೇರಿ 0.5 ದಾಟಬಾರದೆಂದೂ ಹೇಳುತ್ತದೆ.

ನಮ್ಮಲ್ಲಿ ಈ ಕೂಡುವ ಲೆಕ್ಕ ಹೆಚ್ಚಾಗಿ ಕಾಣುವುದು ಬೋರ್‌ವೆಲ್ ನೀರಿನ ಅಧ್ಯಯನಗಳಲ್ಲಿ. ಚಿತ್ರದುರ್ಗ ಜಿಲ್ಲೆಯ ಫ್ಲೋರೈಡ್ ನೀರು ಹೊಸ ಸುದ್ದಿಯಲ್ಲ. ಭಾರತೀಯ ಮಾನಕದ ಪ್ರಕಾರ, ಬೇರೆ ನೀರೇ ಇಲ್ಲದಾಗ ಲೀಟರಿಗೆ 1.5 ಮಿ.ಗ್ರಾಂ ಫ್ಲೋರೈಡ್ ಸಹಿಸಬಹುದು. ನೈಟ್ರೇಟ್ 45 ದಾಟುವಂತಿಲ್ಲ. ಇಂಥ ಅಧ್ಯಯನಗಳು ಎರಡರ ಪಾಲನ್ನೂ ಕೂಡಿ ಒಂದೇ ಅಪಾಯ ಸೂಚ್ಯಂಕ ಬರೆದುಬಿಡುತ್ತವೆ. ನನಗೆ ಇದು ಒಪ್ಪಿಗೆಯಾಗದು. ಫ್ಲೋರೈಡ್ ಕೆಡಿಸುವುದು ಹಲ್ಲು, ಮೂಳೆಗಳನ್ನು; ನೈಟ್ರೇಟ್ ಹಸುಗೂಸಿನ ರಕ್ತ ಆಮ್ಲಜನಕ ಹೊರುವ ಕೆಲಸಕ್ಕೆ ಅಡ್ಡ ಬರುತ್ತದೆ. ಬೇರೆ ಬೇರೆ ಅಂಗಗಳ ಸಾಲವನ್ನು ಒಂದೇ ಖಾತೆಗೆ ಬರೆದರೆ ಬರುವ ಮೊತ್ತ ಯಾರದು?

ಕೂಡಬೇಕಾದ ಜಾಗ ಡ್ರಮ್ಮು. ಅಲ್ಲಿ ಕೂಡಿದರೂ ಸಾಲದು ಎಂಬುದು ಇನ್ನೊಂದು ಕಥೆ. ಡೆನ್ಮಾರ್ಕಿನ ವಿಜ್ಞಾನಿ ಸೆಡರ್‌ಗ್ರೀನ್ 2014ರಲ್ಲಿ ವಿಷಗಳನ್ನು ಬೆರೆಸಿ ನೋಡಿದ ಪ್ರಯೋಗಗಳನ್ನೆಲ್ಲ ಜಾಲಾಡಿದರು. ಕೀಟನಾಶಕ ಜೋಡಿಗಳಲ್ಲಿ ಲೆಕ್ಕ ಮೀರಿ ವಿಷವೇರಿದ್ದು ಸುಮಾರು ನೂರಕ್ಕೆ ಏಳರಲ್ಲಿ ಮಾತ್ರ. ಹಳೆಯ ಸೂತ್ರಕ್ಕೆ ಇದು ಒಳ್ಳೆಯ ಅಂಕವೇ. ಆದರೆ ಆ ಏಳು ಯಾವುವು? ಬಹುಪಾಲು ಜೋಡಿಗಳಲ್ಲಿ ಒಂದು ಆರ್ಗನೋಫಾಸ್ಫೇಟ್‌ನಂಥ ನರವಿಷ ಅಥವಾ ಅಜೋಲ್ ಗುಂಪಿನ ಶಿಲೀಂಧ್ರನಾಶಕ ಇತ್ತು. ಅಜೋಲ್ ತಾನಾಗಿ ಜೇನನ್ನು ಅಷ್ಟು ಕಾಡುವುದಿಲ್ಲ. ಜೇನಿನ ಮೈಯಲ್ಲಿ ವಿಷವನ್ನು ಅರಗಿಸುವ ಕಿಣ್ವಗಳ ಕೈ ಕಟ್ಟುತ್ತದೆ, ಜೊತೆಗೆ ಬಂದ ಪೈರೆಥ್ರಾಯ್ಡ್ ಕೀಟನಾಶಕ ಕೊಲ್ಲುತ್ತದೆ. ರೋಗಕ್ಕೊಂದು, ಹುಳಕ್ಕೊಂದು ಎಂದು ಒಟ್ಟಿಗೆ ಸುರಿಯುವ ನಮ್ಮ ರೂಢಿ ಸರಿಯಾಗಿ ಆ ಏಳರ ಬಾಗಿಲಲ್ಲೇ ನಿಂತಿದೆ.

ಬಾಟಲಿಯ ಜೊತೆ ಬರುವ ಚೀಟಿ ತನ್ನೊಬ್ಬನ ಪ್ರಮಾಣ, ತನ್ನೊಬ್ಬನ ಚಿಕಿತ್ಸೆಯನ್ನೇ ಹೇಳುತ್ತದೆ. ಹೊಳಲ್ಕೆರೆಯ ಅಡಿಕೆ ತೋಟದಲ್ಲೋ ಹಿರಿಯೂರಿನ ದಾಳಿಂಬೆ ಸಾಲಿನಲ್ಲೋ ಔಷಧಿ ಹೊಡೆಯುತ್ತಿದ್ದವರು ತಲೆ ಸುತ್ತಿ ಕೂತರೆ, ಮನೆಯವರು ಡ್ರಮ್ಮಿನ ಸುತ್ತ ಬಿದ್ದ ಬಾಟಲಿಗಳನ್ನೆಲ್ಲ ಒಂದು ಚೀಲಕ್ಕೆ ತುಂಬಿಕೊಂಡು ಆಸ್ಪತ್ರೆಗೆ ಹೋಗಬೇಕು. ಗಮ್ಮಿನದನ್ನೂ ಬಿಡದೆ.