ಫಿನಿಶ್ ಲೈನ್ ಆಚೆಯ ಡೇರೆ

ಮ್ಯಾರಥಾನ್ ಒಂದರ ಗುಣ ಅಳೆಯಬೇಕೆಂದರೆ ನಾನು ಪದಕವನ್ನಾಗಲಿ ಟೀ ಶರ್ಟನ್ನಾಗಲಿ ನೋಡುವುದಿಲ್ಲ. ಫಿನಿಶ್ ಲೈನ್ ದಾಟಿದ ಕೂಡಲೇ ಸಿಗುವ ವೈದ್ಯರ ಡೇರೆಯೊಳಗೆ ಇಣುಕುತ್ತೇನೆ. ಈ ವಿಷಯದಲ್ಲಿ ಪುಣೆ ಪುಣ್ಯ ಮಾಡಿದ ಊರು. 1983ರಲ್ಲೇ ಅಂತರರಾಷ್ಟ್ರೀಯ ಮ್ಯಾರಥಾನ್ ಕಂಡ ಊರು ಇದು. ಸಸೂನ್ ಆಸ್ಪತ್ರೆಯ ಬಿ.ಜೆ. ಮೆಡಿಕಲ್ ಕಾಲೇಜು ಇಲ್ಲಿದೆ, ಕ್ರೀಡಾ ವೈದ್ಯಕೀಯಕ್ಕೆಂದೇ ವಿಭಾಗ ಇಟ್ಟುಕೊಂಡಿರುವ ಸಶಸ್ತ್ರ ಪಡೆಗಳ ವೈದ್ಯಕೀಯ ಕಾಲೇಜು (ಎಎಫ್‌ಎಂಸಿ) ಇಲ್ಲಿದೆ. ಓಟದ ದಿನ ಮೆಡಿಕಲ್ ಕಾಲೇಜಿನ ಹುಡುಗ ಹುಡುಗಿಯರು ಸ್ಟೆತಾಸ್ಕೋಪ್ ಹಾಕಿಕೊಂಡು ಡೇರೆಯಲ್ಲಿ ನಿಂತರೆ, ಯಾವ ವಾರ್ಡಿನಲ್ಲೂ ಸಿಗದ ಪಾಠ ಅವರಿಗೆ ಸಿಗುತ್ತದೆ.

42.195 ಕಿಲೋಮೀಟರ್ ಓಡಿ ಬಂದವನು ಗೆರೆ ದಾಟಿ ಗಕ್ಕನೆ ನಿಂತು ಕುಸಿಯುತ್ತಾನೆ. ಜೊತೆಯವರು ‘ಡ್ರಿಪ್ ಹಾಕಿ ಡಾಕ್ಟ್ರೇ’ ಎಂದು ದುಂಬಾಲು ಬೀಳುತ್ತಾರೆ. ಒಳ್ಳೆಯ ವೈದ್ಯೆ ಸೂಜಿಗೆ ಕೈ ಹಾಕುವುದಿಲ್ಲ. ಅವನನ್ನು ಅಂಗಾತ ಮಲಗಿಸಿ, ಕಾಲೆರಡನ್ನೂ ಎತ್ತಿ ಇಡಿಸಿ, ಹೆಸರು ಕೇಳುತ್ತಾಳೆ. ಓಡುವಾಗ ಮೀನಖಂಡ ರಕ್ತವನ್ನು ಮೇಲಕ್ಕೆ ಒತ್ತುತ್ತಿರುತ್ತದೆ. ನಿಂತೊಡನೆ ಆ ಒತ್ತಡ ತಪ್ಪಿ ರಕ್ತ ಕಾಲಲ್ಲೇ ಉಳಿಯುತ್ತದೆ. ಹೀಗೆ ಬಿದ್ದವರಲ್ಲಿ ಹೆಚ್ಚಿನವರು ಸ್ವಲ್ಪ ಹೊತ್ತಿನಲ್ಲೇ ಎದ್ದು ಕೂರುತ್ತಾರೆ.

ಕೇಳಿದ್ದಕ್ಕೆ ತಡವರಿಸುವವನೇ ಬೇರೆ. ಅವನಿಗೆ ಬಿಸಿಲಿನ ಹೊಡೆತವೋ, ಉಪ್ಪಿನ ಕೊರತೆಯೋ? ಹೊರನೋಟಕ್ಕೆ ಎರಡೂ ಒಂದೇ, ಚಿಕಿತ್ಸೆ ಮಾತ್ರ ಬೇರೆ ಬೇರೆ. ಬೆವರಿದ ಹಣೆ ಮುಟ್ಟಿ ನೋಡಿದರೆ ತಣ್ಣಗೇ ಇರುತ್ತದೆ, ಅದನ್ನು ನಂಬುವಂತಿಲ್ಲ. ಗುದದ್ವಾರದಲ್ಲಿ ಥರ್ಮಾಮೀಟರ್ ಇಟ್ಟೇ ನೋಡಬೇಕು. 40 ಡಿಗ್ರಿ ಸೆಲ್ಸಿಯಸ್ ದಾಟಿ, ಮಾತು ತೊದಲುತ್ತಿದ್ದರೆ, ಅಲ್ಲೇ ಐಸ್ ನೀರಿನ ತೊಟ್ಟಿಗೆ ಇಳಿಸಬೇಕು, ಆಂಬುಲೆನ್ಸ್ ಆಮೇಲೆ. ಈ ಕ್ರಮ ತಿರುಗುಮುರುಗಾದರೆ ದಾರಿಯಲ್ಲೇ ಪ್ರಾಣ ಹೋಗಬಹುದು. ಡಿಸೆಂಬರಿನ ಪುಣೆಯ ಚಳಿ ನಂಬಿ ತೊಟ್ಟಿ ಇಡದ ಡೇರೆಯನ್ನು ನಾನು ಡೇರೆ ಎನ್ನುವುದೇ ಇಲ್ಲ.

ಇನ್ನು ನೀರಿನ ವಿಷಯ. ನಮ್ಮಲ್ಲಿ ‘ಕುಡಿ, ಕುಡಿ’ ಎನ್ನುವವರೇ ಎಲ್ಲ. 2002ರ ಬೋಸ್ಟನ್ ಮ್ಯಾರಥಾನಿನಲ್ಲಿ 488 ಓಟಗಾರರ ರಕ್ತ ಪರೀಕ್ಷೆ ಮಾಡಿದಾಗ, ಶೇ. 13 ಮಂದಿಗೆ ಸೋಡಿಯಂ ಕಡಿಮೆಯಾಗಿತ್ತು. ಅತಿಯಾಗಿ ನೀರು ಕುಡಿದು, ಓಟ ಮುಗಿಸುವ ಹೊತ್ತಿಗೆ ತೂಕ ಹೆಚ್ಚಿಸಿಕೊಂಡವರಲ್ಲೇ ಅದು ಜಾಸ್ತಿ. ಮಿದುಳು ಊದಿಕೊಂಡು ಗೊಂದಲದಲ್ಲಿರುವ ಅಂಥವರಿಗೆ ಸಾಮಾನ್ಯ ಡ್ರಿಪ್ ಏರಿಸಿದರೆ ಅಪಾಯ ಇನ್ನೂ ಹೆಚ್ಚು, ಬೇಕಾದದ್ದು ಶೇ. 3ರ ಗಾಢ ಉಪ್ಪಿನ ದ್ರಾವಣ. ಆದ್ದರಿಂದಲೇ ಡೇರೆಯಲ್ಲಿ ಸೋಡಿಯಂ ನೋಡುವ ಪುಟ್ಟ ಯಂತ್ರ ಇದೆಯೇ ಎಂದು ನಾನು ಮೊದಲು ವಿಚಾರಿಸುವುದು.

ಹೃದಯ ನಿಲ್ಲುವುದು ಅಪರೂಪ. 2000 ಮತ್ತು 2010ರ ನಡುವೆ ಅಮೆರಿಕದಲ್ಲಿ ಒಂದು ಕೋಟಿಗೂ ಮೀರಿದ ಓಟಗಾರರ ಲೆಕ್ಕದಲ್ಲಿ 59 ಪ್ರಕರಣ ಸಿಕ್ಕಿದ್ದವು, ಹೆಚ್ಚಿನವು ಓಟದ ಕೊನೆಯ ಕಾಲುಭಾಗದಲ್ಲಿ. ಡಿಫಿಬ್ರಿಲೇಟರ್ ಹಿಡಿದ ಸೈಕಲ್ ಸವಾರರು ಅಲ್ಲೇ ಸುಳಿದಾಡುತ್ತಿರಬೇಕು.

ಡೇರೆಯಲ್ಲಿ ನಿಂತ ಮೆಡಿಕಲ್ ಕಾಲೇಜಿನ ಮಕ್ಕಳ ಕೆಲಸವನ್ನು ಓಡುವ ನಾವೂ ಸ್ವಲ್ಪ ಹಗುರ ಮಾಡಬಹುದು. ಎದೆಗೆ ಸಿಕ್ಕಿಸಿಕೊಳ್ಳುವ ನಂಬರ್ ಚೀಟಿಯ (ಬಿಬ್) ಹಿಂಬದಿಯಲ್ಲಿ ರಕ್ತದ ಗುಂಪು, ನುಂಗುತ್ತಿರುವ ಮಾತ್ರೆ, ಮನೆಯವರ ಫೋನ್ ನಂಬರ್ ಬರೆದಿರಿ. ಬೆಳಿಗ್ಗೆ ನೋವಿನ ಮಾತ್ರೆ ನುಂಗಿ ಓಡಬೇಡಿ, ಮೂತ್ರಪಿಂಡಕ್ಕೆ ಪೆಟ್ಟು. ಗೆರೆ ದಾಟಿದ ಮೇಲೆ ನಿಲ್ಲದೆ ಮೆಲ್ಲಗೆ ನಡೆಯುತ್ತಿರಿ.