ಶ್ರೀರಂಗಪಟ್ಟಣದ ಆಂಗ್ಲಿಕನ್ ಸಭೆ: ಸಮಾಧಿಲೇಖಗಳ ಸಾಕ್ಷ್ಯ

ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ ಹಾಗೂ ನಾಗಮಂಗಲ ತಾಲ್ಲೂಕುಗಳ ಧಾರ್ಮಿಕ ಚರಿತ್ರೆಯನ್ನು ಬರೆದವರು ಹೊಯ್ಸಳ ದೇವಾಲಯಗಳು, ಬಸದಿಗಳು ಮತ್ತು ಮೇಲುಕೋಟೆಯ ಶ್ರೀವೈಷ್ಣವ ಪರಂಪರೆಯಿಂದ ಆರಂಭಿಸುವುದು ಸಹಜ. ‘ಎಪಿಗ್ರಾಫಿಯ ಕರ್ನಾಟಿಕ’ದ ಪರಿಷ್ಕೃತ ಆವೃತ್ತಿಯ 6 ಮತ್ತು 7ನೆಯ ಸಂಪುಟಗಳು ಈ ಭಾಗದ ಶಾಸನಗಳನ್ನು ಒದಗಿಸಿದ ಮೇಲೆ ಆ ಅಧ್ಯಯನಕ್ಕೆ ಗಟ್ಟಿಯಾದ ನೆಲೆ ದೊರೆಯಿತು. ಆದರೆ ಕಾವೇರಿಯ ದಡದಲ್ಲಿರುವ ಗ್ಯಾರಿಸನ್ ಸ್ಮಶಾನದ ಸಮಾಧಿಲೇಖಗಳನ್ನೂ ಶಾಸನಗಳಂತೆಯೇ ಓದಬೇಕೆಂಬ ಅರಿವು ಕನ್ನಡ ಸಂಶೋಧನೆಯಲ್ಲಿ ಅಷ್ಟಾಗಿ ಬೆಳೆಯಲಿಲ್ಲ. ಅವುಗಳನ್ನು ಪ್ರವಾಸಿ ಕೈಪಿಡಿಗಳಿಗೆ ಬಿಟ್ಟುಕೊಡಲಾಗಿದೆ.

1799ರ ಮೇ 4ರಂದು ಕೋಟೆ ಬಿದ್ದ ಬಳಿಕ ಕಂಪನಿಯ ದಂಡು ದ್ವೀಪದಲ್ಲಿ ನೆಲೆಯೂರಿತು. ಅಧಿಕಾರಿಗಳು, ಸಿಪಾಯಿಗಳು, ಅವರ ಹೆಂಡಿರು ಮಕ್ಕಳು ಸೇರಿದ ಒಂದು ಜನಸಮುದಾಯವೇ ಇಲ್ಲಿತ್ತು. ಹಾಗಿದ್ದೂ ಇಲ್ಲಿ ಸ್ಥಾಯಿಯಾದ ಆಂಗ್ಲಿಕನ್ ಪ್ಯಾರಿಷ್ ಏಕೆ ಬೇರೂರಲಿಲ್ಲ? ಜ್ವರದ ಊರೆಂಬ ಅಪಖ್ಯಾತಿಯಿಂದ ದಂಡು ಬೆಂಗಳೂರಿಗೆ ಸರಿಯಿತೆಂಬ ಉತ್ತರ ಪ್ರಸಿದ್ಧವಾದುದು, ನಿಜವೂ ಹೌದು. ಆದರೆ ಅದು ಅರ್ಧ ಉತ್ತರ. ಆಂಗ್ಲಿಕನ್ ವಿಧಿಯಲ್ಲಿ ದೇವಾಲಯವನ್ನು ಪ್ರತಿಷ್ಠಿಸುವ ಅಧಿಕಾರ ಬಿಷಪರಿಗೆ ಮಾತ್ರ ಉಂಟು. ಕಲ್ಕತ್ತೆಯ ಬಿಷಪ್ ಪೀಠ ಸ್ಥಾಪನೆಯಾದದ್ದೇ 1814ರಲ್ಲಿ, ಮದರಾಸಿನದು 1835ರಲ್ಲಿ. ಬೆಂಗಳೂರಿನ ಸೇಂಟ್ ಮಾರ್ಕ್ಸ್ ದೇವಾಲಯದ ಕೆಲಸ 1808ರಲ್ಲಿ ಆರಂಭವಾಗಿ 1812ರಲ್ಲಿ ಮುಗಿದರೂ ಅದರ ಪ್ರತಿಷ್ಠೆಗೆ 1816ರವರೆಗೆ ಕಾಯಬೇಕಾಯಿತು. ಬಿಷಪರು ದಕ್ಷಿಣಕ್ಕೆ ಬರುವ ವೇಳೆಗೆ ಶ್ರೀರಂಗಪಟ್ಟಣದ ಸಭೆ ಬಹುಮಟ್ಟಿಗೆ ಚದುರಿಹೋಗಿತ್ತು. ಜನರಿದ್ದಾಗ ಪೀಠವಿರಲಿಲ್ಲ, ಪೀಠ ಬಂದಾಗ ಜನರಿರಲಿಲ್ಲ. ಮೈಸೂರಿನಲ್ಲಿ ಸೇಂಟ್ ಬಾರ್ತಲೋಮಿಯೋ ದೇವಾಲಯ ಎದ್ದದ್ದು 1830ರ ದಶಕದಲ್ಲಿ.

ಇದೇ ದ್ವೀಪದ ಗಂಜಾಮಿನಲ್ಲಿ ಅಬ್ಬೆ ದುಬುವಾ ಅವರೊಡನೆ ಹೆಸರು ಬೆಸೆದುಕೊಂಡ ಕ್ಯಾಥೊಲಿಕ್ ದೇವಾಲಯದ ಗತಿ ಬೇರೆ. ದುಬುವಾ 1823ರಲ್ಲಿ ಭಾರತವನ್ನು ತೊರೆದರು. ಆದರೂ ಆ ದೇವಾಲಯ ಉಳಿಯಿತು. ಅದರ ಭಕ್ತರು ದಂಡಿನೊಡನೆ ಹೊರಟುಹೋಗುವವರಾಗಿರಲಿಲ್ಲ, ಸ್ಥಳೀಯರಾಗಿದ್ದರು. ಎರಡನ್ನೂ ‘ಕ್ರೈಸ್ತ ಸ್ಮಾರಕ’ಗಳೆಂಬ ಒಂದೇ ತಲೆಬರಹದಡಿ ತರುವ ಗ್ರಂಥಗಳು ಈ ಮೂಲಭೂತ ಭೇದವನ್ನು ಮರೆಸುತ್ತವೆ.

ಪ್ಯಾರಿಷ್ ಎಂದರೆ ಕಟ್ಟಡವಷ್ಟೇ ಅಲ್ಲ. ದೀಕ್ಷಾಸ್ನಾನ, ವಿವಾಹ, ಮರಣಗಳನ್ನು ಬರೆದಿಡುವ ವ್ಯವಸ್ಥೆಯೂ ಹೌದು. ಶ್ರೀರಂಗಪಟ್ಟಣದಲ್ಲಿ ಈ ಮೂರರ ಪೈಕಿ ಕಣ್ಣಿಗೆ ಕಾಣುವಂತೆ ಉಳಿದದ್ದು ಮರಣವೊಂದೇ. ಸ್ಮಶಾನದಲ್ಲಿ ಸುಮಾರು 300 ಸಮಾಧಿಗಳಿವೆ. ಮುತ್ತಿಗೆಯಲ್ಲಿ ಮಡಿದ ವೀರರ ಸ್ಮಶಾನವೆಂದು ಇದನ್ನು ವರ್ಣಿಸುವ ವಾಡಿಕೆಯಿದೆ. ಲೇಖಗಳ ಕಾಲ ಈ ವಾಡಿಕೆಯನ್ನು ಸಮರ್ಥಿಸುವುದಿಲ್ಲ. ಅವು 1800ರಿಂದ 1860ರ ದಶಕದವರೆಗೆ ಹರಡಿಕೊಂಡಿವೆ. ಯುದ್ಧದಲ್ಲಿ ಸತ್ತವರಿಗಿಂತ ಯುದ್ಧ ಮುಗಿದ ಮೇಲೆ ಬದುಕಲೆತ್ನಿಸಿ ಸತ್ತವರ ಕಥೆಯೇ ಇಲ್ಲಿ ಹೆಚ್ಚು. ‘ಇಂಗ್ಲಿಷರ ಸ್ಮಶಾನ’ ಎಂಬ ಜನಪ್ರಿಯ ಹೆಸರೂ ಪೂರ್ಣ ಸರಿಯಲ್ಲ. 1795ರಲ್ಲಿ ಡಚ್ಚರ ಸೇವೆಯಿಂದ ಬ್ರಿಟಿಷರ ಸೇವೆಗೆ ಬಂದ ಸ್ವಿಸ್ ಮೂಲದ ಡಿ ಮ್ಯೂರಾನ್ ರೆಜಿಮೆಂಟಿನವರೂ ಇಲ್ಲಿ ಮಣ್ಣಾಗಿದ್ದಾರೆ. ಅವರೆಲ್ಲರನ್ನೂ ಆಂಗ್ಲಿಕನ್ ಸಭೆಯ ಲೆಕ್ಕಕ್ಕೆ ಸೇರಿಸುವುದು ಅವಸರದ ನಿರ್ಣಯವಾದೀತು.

ಲೇಖವನ್ನು ಬಿಟ್ಟು ಐತಿಹ್ಯವನ್ನು ನಂಬಿದರೆ ಏನಾಗುತ್ತದೆಂಬುದಕ್ಕೆ ಸ್ಕಾಟ್ ಬಂಗಲೆಯ ಕಥೆಯೇ ನಿದರ್ಶನ. ತೋಪುಗಾಡಿ ಕಾರ್ಖಾನೆಯ ಮೇಲ್ವಿಚಾರಕನಾಗಿದ್ದ ಕರ್ನಲ್ ಸ್ಕಾಟ್ ಮನೆಗೆ ಮರಳಿದಾಗ ಹೆಂಡತಿ ಮಕ್ಕಳು ಕಾಲರಾಕ್ಕೆ ಬಲಿಯಾಗಿದ್ದರೆಂದೂ, ಅವನು ಕಾವೇರಿಯಲ್ಲಿ ಕಣ್ಮರೆಯಾದನೆಂದೂ ಜನ ಹೇಳುತ್ತಾರೆ, ಪದ್ಯವನ್ನೂ ಬರೆದವರಿದ್ದಾರೆ. ಅವನ ಪತ್ನಿ ಕ್ಯಾರೊಲಿನ್ ಇಸಬೆಲ್ಲಾ ತೀರಿಕೊಂಡದ್ದು 1817ರಲ್ಲಿ, ಹೆರಿಗೆಯಲ್ಲಿ. ಅವಳ ಸಮಾಧಿ ಈ ಸ್ಮಶಾನದಲ್ಲಿಯೇ ಇದೆ. ಕಥೆಯು ಗಂಡನ ವಿರಹವನ್ನು ದೊಡ್ಡದು ಮಾಡುವ ಭರದಲ್ಲಿ ಆ ಕಾಲದ ಹೆಣ್ಣಿನ ನಿಜವಾದ ಅಪಾಯವನ್ನೇ ಅಳಿಸಿಬಿಟ್ಟಿದೆ. ದಂಡು ಸರಿದ ಅನಂತರವೂ ಕಾರ್ಖಾನೆಯ ನಿಮಿತ್ತ ಕೆಲವು ಕುಟುಂಬಗಳು ಇಲ್ಲಿಯೇ ಉಳಿದಿದ್ದವೆಂಬುದಕ್ಕೂ ಆ ಸಮಾಧಿ ಪುರಾವೆ.

ಹೊರಗಿನ ಸ್ಮಾರಕಗಳನ್ನೂ ಇದರೊಡನೆ ಇಟ್ಟು ನೋಡಬೇಕು. 1780ರ ಪೊಳ್ಳಿಲೂರು ಕಾಳಗದಲ್ಲಿ ಸೆರೆಸಿಕ್ಕು 1782ರಲ್ಲಿ ಇಲ್ಲಿ ಬಂಧನದಲ್ಲಿಯೇ ಸತ್ತ ಕರ್ನಲ್ ಬೈಲಿಗೆ ಅವನ ಸೋದರನ ಮಗ 1816ರಲ್ಲಿ ಸ್ಮಾರಕ ಕಟ್ಟಿಸಿದನು. ಅದು ನಿಂತಿರುವುದು ಗ್ಯಾರಿಸನ್ ಸ್ಮಶಾನದಲ್ಲಲ್ಲ, ಲಾಲ್‌ಬಾಗಿನಲ್ಲಿ ಗುಂಬಜ್‌ನ ಸಮೀಪ. ಪಾಂಡವಪುರದ ಹಳೆಯ ಹೆಸರಾದ ‘ಫ್ರೆಂಚ್ ರಾಕ್ಸ್’ ಕೂಡ ದಂಡಿನ ನೆನಪೇ. ಹೈದರ್ ಮತ್ತು ಟಿಪ್ಪುವಿನ ಸೇವೆಯಲ್ಲಿದ್ದ ಫ್ರೆಂಚರಿಂದ ಬಂದ ಆ ಹೆಸರು ಬ್ರಿಟಿಷರ ಕಾಲದಲ್ಲಿಯೂ ಉಳಿಯಿತು. ಇಂಥ ದಂಡಿನ ಇತಿಹಾಸವಿಲ್ಲದ ಕೃಷ್ಣರಾಜಪೇಟೆ, ನಾಗಮಂಗಲಗಳು ಈ ಚರ್ಚೆಯಲ್ಲಿ ಹಿನ್ನೆಲೆಗೆ ಸರಿಯುತ್ತವೆ.

1947ರ ಸೆಪ್ಟೆಂಬರ್ 27ರಂದು ದಕ್ಷಿಣ ಭಾರತ ಸಭೆ ರೂಪುಗೊಂಡಾಗ ಇಲ್ಲಿನ ಆಂಗ್ಲಿಕನ್ ಧರ್ಮಪ್ರಾಂತಗಳು ಅದರಲ್ಲಿ ಸೇರಿಹೋದವು. ಆದರೆ ಮದರಾಸು ಪ್ರಾಂತದ ಚರ್ಚುಗಳಿಂದ ಲಂಡನ್ನಿಗೆ ಕಳುಹಿಸಲಾಗುತ್ತಿದ್ದ ದೀಕ್ಷಾಸ್ನಾನ, ವಿವಾಹ, ಶವಸಂಸ್ಕಾರಗಳ ಪ್ರತಿಗಳು ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ ದಾಖಲೆಗಳಲ್ಲಿ ಉಳಿದಿವೆ. ಶ್ರೀರಂಗಪಟ್ಟಣದ ಕಲ್ಲುಗಳ ಪಾಠವನ್ನು ಆ ಪ್ರತಿಗಳೊಡನೆ ಸಾಲುಸಾಲಾಗಿ ಹೋಲಿಸುವ ಕೆಲಸ ಕಲ್ಲಿನ ಅಕ್ಷರಗಳು ಇನ್ನಷ್ಟು ಸವೆಯುವ ಮುನ್ನವೇ ಆಗಬೇಕಾಗಿದೆ. ಮಕ್ಕಳ ಸಮಾಧಿಗಳಿಂದ ಆರಂಭಿಸುವುದು ಲೇಸು.